ಅಮ್ಮ ಕಾರ್ಡು ಬದಲಾಯಿಸಿದ್ದು

ಅಮ್ಮನ ಕಾಲು ಊದಿಕೊಳ್ಳತೊಡಗಿದಾಗ ಅದನ್ನು ನಾವು ಯಾರೂ ಕಾಯಿಲೆ ಎಂದುಕೊಳ್ಳಲಿಲ್ಲ. ತಮಿಳು ಸೀಮೆಗೆ ಸೇರಿದ ಕೆಲಮಂಗಲದಿಂದ ಸ್ವಲ್ಪ ಒಳಗಿರುವ ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಅವಳು ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುತ್ತಿದ್ದಳು. ಒಲೆಯ ಮುಂದೆ ನಿಂತೇ ಅರ್ಧ ಆಯುಷ್ಯ ಕಳೆದವಳ ಕಾಲು ಊದಿಕೊಳ್ಳದೆ ಇನ್ನೇನಾದೀತು ಎಂದು ಅವಳೇ ಹೇಳುತ್ತಿದ್ದಳು. ಮನೆಯಲ್ಲಿ ಕನ್ನಡ, ಪಕ್ಕದ ಬೀದಿಯವರೊಡನೆ ತೆಲುಗು, ಮೇಷ್ಟ್ರುಗಳೊಡನೆ ತಮಿಳು ಆಡುತ್ತಿದ್ದವಳು ಮಕ್ಕಳನ್ನು ಗದರುವಾಗ ಮೂರನ್ನೂ ಒಟ್ಟಿಗೆ ಬಳಸುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ನನ್ನ ತಮ್ಮನನ್ನೂ ಓದಿಸಿದ್ದು ಆ ಕೆಲಸವೇ. ನಿವೃತ್ತಿಯಾದ ಮೇಲೆ ಅವಳು ತಮ್ಮನ ಮನೆಯಲ್ಲಿ ಇದ್ದಳು. ತಮ್ಮನಿಗೆ ಹೊಲದಲ್ಲಿ ಟೊಮೇಟೊ, ಹುರಳಿಕಾಯಿ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು.

ಆ ದಿನಗಳಲ್ಲಿ ಸರ್ಕಾರದವರು ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವರ ಮನೆ ಬಾಗಿಲಿಗೇ ಮಾತ್ರೆ ತಲುಪಿಸುವ ಏರ್ಪಾಡು ಶುರುಮಾಡಿದ್ದರು. ಹೆಗಲಿಗೆ ಚೀಲ ಹಾಕಿಕೊಂಡು ಒಬ್ಬ ಹೆಂಗಸು ಬೀದಿ ಬೀದಿ ಸುತ್ತಿ, ಜಗಲಿಯ ಮೇಲೆ ಕೂರಿಸಿಕೊಂಡು ತೋಳಿಗೆ ಪಟ್ಟಿ ಸುತ್ತಿ ನೋಡುತ್ತಿದ್ದಳು. ಅಮ್ಮನಿಗೆ ಒತ್ತಡ ಜಾಸ್ತಿ ಇದೆಯೆಂದು ಮೊದಲು ಹೇಳಿದ್ದು ಅವಳೇ. ಅಮ್ಮ ಕೆಲವು ತಿಂಗಳು ಮಾತ್ರೆ ನುಂಗಿದಳು. ತಲೆನೋವಿಲ್ಲ, ಸುಸ್ತಿಲ್ಲ, ಸುಮ್ಮನೆ ಯಾಕೆ ನುಂಗುವುದು ಎಂದು ಬಿಟ್ಟಳು. ಆ ಹೆಂಗಸು ಬಂದಾಗ ಮಾತ್ರೆಯನ್ನು ಈಸಿಕೊಂಡು ಗೂಡಿನಲ್ಲಿಡುವುದು ಮಾತ್ರ ತಪ್ಪಲಿಲ್ಲ. ಬಾಗಿಲವರೆಗೆ ಬಂದವಳನ್ನು ಬರಿಗೈಯಲ್ಲಿ ಕಳಿಸುವುದೂ ಕೊಟ್ಟಿದ್ದನ್ನು ಬೇಡ ಎನ್ನುವುದೂ ಅಮ್ಮನಿಗೆ ಮರ್ಯಾದೆಯಾಗಿ ಕಾಣುತ್ತಿರಲಿಲ್ಲ.

ನಾನು ಹೊಸೂರಿನಲ್ಲಿ ಗಂಡ, ಮಗಳೊಡನೆ ಬಾಡಿಗೆ ಮನೆಯಲ್ಲಿದ್ದೆ. ಮಗಳಿಗೆ ಶಾಲೆ ರಜೆ ಬಂದಾಗ ಅಮ್ಮ ನಾಲ್ಕು ದಿನ ಇರಲೆಂದು ಬಂದಳು. ನಮ್ಮದು ಮಹಡಿ ಮನೆ. ಮೆಟ್ಟಿಲ ನಡುವೆ ಕೂತುಬಿಟ್ಟವಳು ಮೇಲೇಳಲಿಲ್ಲ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಪಾದದ ಮೇಲೆ ಬೆರಳೊತ್ತಿ ತೆಗೆದರು. ಒತ್ತಿದ ಗುಳಿ ಮಣ್ಣಿನಲ್ಲಿ ಒತ್ತಿದ ಹಾಗೆ ಹಾಗೇ ಉಳಿಯಿತು. ರಕ್ತ ಪರೀಕ್ಷೆ, ಹೊಟ್ಟೆಯ ಸ್ಕ್ಯಾನು ಎಲ್ಲ ಆದ ಮೇಲೆ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ, ಇನ್ನು ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸುತ್ತಿರಬೇಕು ಎಂದರು.

‘ಎಷ್ಟು ದಿನ?’ ಎಂದು ಅಮ್ಮ ಕೇಳಿದಳು.

ಡಾಕ್ಟರು ನನ್ನ ಮುಖ ನೋಡಿದರು. ‘ಇರೋವರ್ಗೂ ಅಮ್ಮ’ ಎಂದು ನಾನೇ ಹೇಳಿದೆ.

ನಾನು ಕೆಲಸ ಮಾಡುತ್ತಿದ್ದದ್ದು ಗಾಡಿಗಳ ಒಳಗೆ ಹೋಗುವ ವೈರುಗಳನ್ನು ಬಣ್ಣ ನೋಡಿ ಜೋಡಿಸಿ ಕಟ್ಟುವ ಒಂದು ಕಾರ್ಖಾನೆಯಲ್ಲಿ. ಮದುವೆಗೆ ಮುಂಚೆಯೇ ಸೇರಿದ್ದೆ. ಪ್ರತಿ ತಿಂಗಳೂ ಸಂಬಳದಲ್ಲಿ ಕಾರ್ಮಿಕರ ವಿಮೆಗೆಂದು ಒಂದಿಷ್ಟು ಹಿಡಿಯುತ್ತಿದ್ದರು. ಲೈನಿನಲ್ಲಿದ್ದ ಹೆಂಗಸರು ನಾವೆಲ್ಲ ಹಿಡಿದುಕೊಂಡದ್ದಕ್ಕೆ ಬೈದುಕೊಳ್ಳುತ್ತಿದ್ದೆವೇ ಹೊರತು ಏತಕ್ಕೆ ಹಿಡಿಯುತ್ತಾರೆಂದು ಕೇಳಿದವರಿಲ್ಲ. ಹೆರಿಗೆಯಾದಾಗ ರಜೆಯ ಸಂಬಳ ಬರುತ್ತದೆ, ಜ್ವರ ಬಂದರೆ ಔಷಧಿ ಕೊಡುತ್ತಾರೆ, ಅಷ್ಟು ಗೊತ್ತಿತ್ತು. ನನ್ನನ್ನೇ ನಂಬಿಕೊಂಡು ನನ್ನ ಮನೆಯಲ್ಲೇ ಇರುವ ತಾಯಿಗೂ ಅದು ಸಲ್ಲುತ್ತದೆ, ದೊಡ್ಡ ಖಾಸಗಿ ಆಸ್ಪತ್ರೆಗೆ ಬರೆದುಕೊಟ್ಟು ಅಲ್ಲಿ ಡಯಾಲಿಸಿಸ್ ಕೂಡ ಮಾಡಿಸುತ್ತಾರೆ ಎಂದು ತಿಳಿದದ್ದು ಆಗಲೇ. ಹಾಗೆ ಅಮ್ಮ ನನ್ನ ಕಾರ್ಡಿಗೆ ಸೇರಿದಳು, ನನ್ನ ಮನೆಗೂ ಸೇರಿದಳು.

ಮಗನಿರುವಾಗ ಮಗಳ ಮನೆಯಲ್ಲಿ ಉಳಿಯುವುದು ನಮ್ಮ ಕಡೆ ಸಲೀಸಾದ ವಿಷಯವಲ್ಲ. ಊರಿನಲ್ಲಿ ತಮ್ಮನನ್ನು ನಾಲ್ಕು ಜನ ಕೇಳಿದರು. ಅವನು ‘ಅಕ್ಕಂದು ಕಂಪ್ನಿ ಕಾರ್ಡೈತೆ, ಅದ್ಕೆ’ ಎಂದು ಹೇಳಿ ಹೇಳಿ ಸಾಕಾಗಿ ಕೊನೆಗೆ ಟೀ ಅಂಗಡಿಗೆ ಹೋಗುವುದನ್ನೇ ಕಡಿಮೆ ಮಾಡಿದ. ಜವಳಗಿರಿಯಲ್ಲಿ ಮೈದುನನ ಜೊತೆ ಇದ್ದ ನಮ್ಮತ್ತೆ, ಅಂದರೆ ಗಂಡನ ತಾಯಿ, ಒಂದು ಸಲ ಬಂದವರು ಅಮ್ಮನ ಹಾಸಿಗೆ, ಅಮ್ಮನ ಮಾತ್ರೆ ಡಬ್ಬ, ಕಿಟಕಿಯಲ್ಲಿ ಒಣಗುತ್ತಿದ್ದ ಅಮ್ಮನ ಸೀರೆ ಎಲ್ಲವನ್ನೂ ಒಂದು ಸುತ್ತು ನೋಡಿದರು. ‘ನಂಗೂ ಮಂಡಿ ನೋವೈತೆ. ನಮ್ಗೆಲ್ಲ ಯಾವ ಕಾರ್ಡೈತಮ್ಮ’ ಎಂದರು. ನನ್ನ ಗಂಡ ಏನೂ ಹೇಳಲಿಲ್ಲ. ಇಂಥ ಕಡೆಗಳಲ್ಲಿ ಮಾತಾಡದಿರುವುದೇ ಅವರು ಮಾಡಬಹುದಾದ ದೊಡ್ಡ ಉಪಕಾರ ಎಂದು ನಾನು ಅಷ್ಟು ಹೊತ್ತಿಗೆ ಕಲಿತಿದ್ದೆ.

ವಾರಕ್ಕೆ ಎರಡು ಸಲ ಆಸ್ಪತ್ರೆ. ಎಡಗೈಯಲ್ಲಿ ಸಣ್ಣ ಶಸ್ತ್ರಚಿಕಿತ್ಸೆ ಮಾಡಿ ರಕ್ತನಾಳ ಜೋಡಿಸಿದರು. ಆ ಜಾಗಕ್ಕೆ ಕೈಯಿಟ್ಟರೆ ಒಳಗೆ ಏನೋ ಗುಂಯ್‌ಗುಟ್ಟುತ್ತಿತ್ತು. ಆ ಕೈಯಲ್ಲಿ ಭಾರ ಎತ್ತಬಾರದು, ಅದರ ಮೇಲೆ ಮಲಗಬಾರದು. ನೀರು ಅಳತೆಯಲ್ಲಿ. ಹಲಸಿನಹಣ್ಣು, ಬಾಳೆಹಣ್ಣು, ಎಳನೀರು ಬಿಡಬೇಕು, ರಾಗಿ ಮುದ್ದೆ ಕಡಿಮೆ ಮಾಡಬೇಕು. ಸೊಪ್ಪು ತರಕಾರಿಯನ್ನು ಬೇಯಿಸಿ, ಆ ನೀರು ಚೆಲ್ಲಿ ತಿನ್ನಬೇಕು ಎಂದು ಆಹಾರ ಹೇಳಿಕೊಡುವ ಹುಡುಗಿ ವಿವರಿಸಿದಾಗ ಅಮ್ಮ ನಂಬಲೇ ಇಲ್ಲ.

‘ಬಸ್ದಿದ್ ನೀರ್ನ ಚೆಲ್ಲೋದಾ? ಅದ್ರಾಗೇ ಅಲ್ವಾ ಬಸ್ಸಾರು ಮಾಡೋದು?’

‘ಅದನ್ನೇ ಕುಡೀಬಾರ್ದಂತೆ ಅಮ್ಮ.’

‘ಸಾರ್ ಚೆಲ್ಬುಟ್ಟು ಪಲ್ಯ ತಿನ್ನಂಗಿದ್ರೆ ಅದು ಯಾವ ಊಟ?’ ಎಂದು ಆ ಹುಡುಗಿಯ ಕಡೆ ತಿರುಗಿ ತಮಿಳಿನಲ್ಲಿ ಅದನ್ನೇ ಮತ್ತೆ ಕೇಳಿದಳು. ಆ ಹುಡುಗಿ ನಕ್ಕಳು. ಅಮ್ಮ ನಗಲಿಲ್ಲ. ಊರಿನ ಮಕ್ಕಳಿಗೆಲ್ಲ ಬೇಯಿಸಿ ಹಾಕಿದ ಕೈಗೆ ಆ ನೀರನ್ನು ಮೋರಿಗೆ ಸುರಿಯುವುದು ಅಭ್ಯಾಸವಾಗಲು ಬಹಳ ಕಾಲ ಹಿಡಿಯಿತು.

ಒಂದು ವರ್ಷದ ಮೇಲೆ ಪ್ರೊಡಕ್ಷನ್ ಮೇನೇಜರು ನನ್ನನ್ನು ಕರೆಸಿದರು. ನಮ್ಮ ಲೈನಿಗೆ ನನ್ನನ್ನು ಸೂಪರ್‌ವೈಸರ್ ಮಾಡಬೇಕೆಂದಿದ್ದಾರೆ ಎಂದರು. ಅಲ್ಲಿಯವರೆಗೆ ಆ ಜಾಗಕ್ಕೆ ಹೊರಗಿನಿಂದ ಡಿಪ್ಲೊಮಾ ಓದಿದ ಗಂಡಸರೇ ಬರುತ್ತಿದ್ದರು. ಲೈನಿನ ಹೆಂಗಸೊಬ್ಬಳನ್ನು ಕೇಳಿದ್ದು ಅದೇ ಮೊದಲು. ನಾನು ಒಪ್ಪಿಕೊಂಡೆ. ಖುಷಿಯಾಗಿಯೇ ಎಚ್.ಆರ್. ಕೋಣೆಗೆ ಹೋದೆ. ಅಲ್ಲಿದ್ದ ಹುಡುಗಿ ಸೇಲಂ ಕಡೆಯವಳು, ಕೆಲಸದಲ್ಲಿ ಚೊಕ್ಕ. ಹೊಸ ಸಂಬಳ ಕಾರ್ಮಿಕರ ವಿಮೆಯ ಮಿತಿಯನ್ನು ದಾಟುತ್ತದೆ, ಈ ಅವಧಿ ಮುಗಿದ ಮೇಲೆ ನೀವು ಅದರಿಂದ ಹೊರಗೆ ಬರುತ್ತೀರಿ, ಆಮೇಲೆ ನಿಮಗೆ ಸ್ಟಾಫಿನವರ ವಿಮೆ ಎಂದು ಹೇಳಿದಳು. ಅದು ಒಳ್ಳೆಯದೇ, ಯಾವ ದೊಡ್ಡ ಆಸ್ಪತ್ರೆಗೆ ಬೇಕಾದರೂ ಹೋಗಬಹುದು ಎಂದೂ ಸೇರಿಸಿದಳು.

‘ಅದರಲ್ಲಿ ಅಮ್ಮ ಬರ್ತಾರಾ?’

‘ಇಲ್ಲ. ಗಂಡ, ಇಬ್ಬರು ಮಕ್ಕಳು. ಅಷ್ಟೇ.’

ಕಾನೂನು ಮಾಡಿದವರ ಲೆಕ್ಕದಲ್ಲಿ ತಪ್ಪೇನಿಲ್ಲ. ಕಡಿಮೆ ಸಂಬಳದವರಿಗೆ ಆಸರೆ ಬೇಕು, ಎಲ್ಲಾದರೂ ಒಂದು ಕಡೆ ಗೆರೆ ಎಳೆಯಲೇಬೇಕು. ಗೆರೆಯ ಹತ್ತಿರ ನಿಂತವರಿಗೆ ಮಾತ್ರ ಒಂದು ಹೆಜ್ಜೆ ಮುಂದಿಟ್ಟರೆ ಮೇಲೇರಿದಂತೆಯೋ ಕೆಳಗಿಳಿದಂತೆಯೋ ತಿಳಿಯುವುದಿಲ್ಲ. ಮಾರನೆಯ ದಿನ ಮೇನೇಜರಿಗೆ ಮನೆ ಕಡೆ ತೊಂದರೆ ಇದೆ, ಈಗ ಬೇಡ ಎಂದೆ. ಹೆಂಗಸರನ್ನು ಕೇಳಿದರೆ ಇದೇ ಉತ್ತರ ಬರುತ್ತದೆಂದು ಅವರು ಮೊದಲೇ ಎಣಿಸಿದ್ದಂತೆ ತಲೆಯಾಡಿಸಿದರು. ನನ್ನ ಮನಸ್ಸಿಗೆ ಚುಚ್ಚಿದ್ದು ಅದು. ಮನೆಯಲ್ಲಿ ಗಂಡನಿಗೆ ಹೇಳಿದೆ, ಅಮ್ಮನಿಗೆ ಹೇಳಲಿಲ್ಲ.

ಅಮ್ಮನಿಗೆ ಗೊತ್ತಾದದ್ದು ನನ್ನ ಜೊತೆ ಲೈನಿನಲ್ಲಿ ಕೂರುವ ಗೆಳತಿಯಿಂದ. ಒಂದು ಭಾನುವಾರ ಅವಳು ಅಮ್ಮನನ್ನು ನೋಡಲು ಬಂದಳು. ನಾನು ಒಳಗೆ ಕಾಫಿ ಮಾಡುತ್ತಿದ್ದೆ. ನನ್ನನ್ನು ಹೊಗಳುವ ಉದ್ದೇಶದಿಂದಲೇ ಅವಳು ಎಲ್ಲವನ್ನೂ ಹೇಳಿಬಿಟ್ಟಿದ್ದಳು. ಕಾಫಿ ತಂದಾಗ ಅಮ್ಮ ಗೋಡೆ ನೋಡುತ್ತಿದ್ದಳು. ಗೆಳತಿ ಹೋದ ಮೇಲೆ ಕೇಳಿದಳು:

‘ನನ್ನ ದೆಸೆಯಿಂದ ಬ್ಯಾಡ ಅಂದ್ಬುಟ್ಯಾ?’

‘ನಿನ್ನಿಂದ ಅಲ್ಲಮ್ಮ. ಆ ಕೆಲ್ಸ ಬಲೇ ತಲೆನೋವು.’

‘ಸುಳ್ ಹೇಳ್ಬ್ಯಾಡ. ನಿಂಗೆ ಸುಳ್ ಹೇಳಕ್ಕೆ ಬರಾಕಿಲ್ಲ, ಸಣ್ಣೋಳಿಂದ್ಲೂ ಬರಾಕಿಲ್ಲ.’

ಅದಾದ ಮೇಲೆ ಅವಳು ಆ ವಿಷಯ ಎತ್ತಲಿಲ್ಲ. ಬೈಯುವವಳು ಬೈಯದೆ ಇದ್ದಾಗ ನನಗೆ ಅನುಮಾನ ಬರಬೇಕಿತ್ತು. ದೀಪಾವಳಿಗೆ ಊರಿಗೆ ಹೋಗಿ ಬರುತ್ತೇನೆ ಎಂದಳು. ಡಯಾಲಿಸಿಸ್ ಆದ ಮರುದಿನ ತಮ್ಮ ಬಂದು ಕರೆದುಕೊಂಡು ಹೋದ. ಅಲ್ಲಿ ಏನು ನಡೆಯಿತು ಎಂಬುದನ್ನು ನಾನು ಕೇಳಿದ್ದು ತಮ್ಮನ ಹೆಂಡತಿಯಿಂದ.

ಹೋದ ದಿನವೇ ಅಮ್ಮ ತಮ್ಮನನ್ನು ಕೂರಿಸಿಕೊಂಡಿದ್ದಳು. ‘ನಮ್ ರೇಷನ್ ಕಾರ್ಡಾಗೆ ನನ್ನ ಹೆಸರು ಐತೇನ್ಲಾ?’ ಎಂದು ಕೇಳಿದಳಂತೆ. ಇದೆ, ತೆಗೆಸಿಲ್ಲ ಎಂದ. ‘ಹಂಗಾರೆ ಸರ್ಕಾರದ ಕಾಪ್ಪೀಡು ಕಾರ್ಡು ಮಾಡ್ಸು.’ ಕಾಪ್ಪೀಡು ಎಂದರೆ ತಮಿಳಿನಲ್ಲಿ ವಿಮೆ. ಬಡ ಕುಟುಂಬಗಳಿಗೆ ಸರ್ಕಾರವೇ ವಿಮೆ ಕಟ್ಟಿ ಕೊಡುವ ಆ ಕಾರ್ಡನ್ನು ನಮ್ಮ ಕಡೆ ಕನ್ನಡದವರೂ ತೆಲುಗಿನವರೂ ಆ ಹೆಸರಿನಿಂದಲೇ ಕರೆಯುತ್ತಾರೆ. ಆ ಕಾರ್ಡಿನಲ್ಲಿ ಸರ್ಕಾರಿ ಆಸ್ಪತ್ರೆಯಲ್ಲೂ ಡಯಾಲಿಸಿಸ್ ಮಾಡುತ್ತಾರೆಂದು ಅಮ್ಮನಿಗೆ ಹೇಳಿದ್ದವಳು ಮಾತ್ರೆ ಚೀಲದ ಆ ಹೆಂಗಸು. ಊರಿಗೆ ಹೋದಾಗಲೆಲ್ಲ ಅಮ್ಮ ಅವಳನ್ನು ವಿಚಾರಿಸುತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ.

ತಮ್ಮ ಹಿಂಜರಿದ. ‘ಅಕ್ಕ ಏನಂತಾಳೋ. ಅಲ್ಲಿ ಒಳ್ಳೇ ಆಸ್ಪತ್ರೆ ಐತೆ, ಏಸಿ ರೂಮು. ಯಾಕಮ್ಮ ಸುಮ್ನೆ?’

‘ಏಸಿ ನಿಮ್ಮಕ್ಕನ ತಲೆ ಮೇಲೆ ಕೂತೈತೆ ಕಣ್ಲಾ. ನೀನು ನನ್ ಮಗ ಅಲ್ವಾ? ನಿಂಗೂ ಒಂದ್ ಕಾರ್ಡೈತಲ್ಲ.’

ಆ ಮಾತು ತಮ್ಮನಿಗೆ ನಾಟಿತು. ಹಸು ಹಾಲು, ಮಾರ್ಕೆಟ್ಟು ಎಂದು ಎಂದೂ ಬಿಡುವಿಲ್ಲದವನು ಟೊಮೇಟೊ ಕೊಯ್ಲಿನ ನಡುವೆ ಕೆಲಸ ಬಿಟ್ಟು ಗ್ರಾಮದ ಅಧಿಕಾರಿಯ ಹತ್ತಿರ ವರಮಾನದ ಸರ್ಟಿಫಿಕೇಟಿಗೆ ಅಲೆದ. ಅಮ್ಮ ಮುಂದಿನ ಸಲ ಊರಿಗೆ ಬಂದಾಗ ಅವಳನ್ನೂ ಹೆಂಡತಿಯನ್ನೂ ಕರೆದುಕೊಂಡು ಕೃಷ್ಣಗಿರಿಗೆ, ಜಿಲ್ಲಾ ಕಚೇರಿಗೆ ಹೋದ. ಅಲ್ಲಿ ಫೋಟೋ ತೆಗೆಯುವಾತ ಹಳೆಯ ಆಸ್ಪತ್ರೆಯ ಚೀಟಿ ನೋಡಿ ‘ಮಗಳ ಹತ್ತಿರ ಬೇರೆ ವಿಮೆ ಇತ್ತಲ್ಲ, ಅದನ್ನು ಬಿಟ್ಟು ಇದು ಯಾಕಮ್ಮ’ ಎಂದು ತಮಿಳಿನಲ್ಲಿ ಕೇಳಿದನಂತೆ. ಮಗಳಿಗೆ ಪ್ರಮೋಷನ್ ಆಗಿದೆ ಎಂದು ಅಮ್ಮ ಅವನಿಗೂ, ಸಾಲಿನಲ್ಲಿ ಹಿಂದೆ ನಿಂತವರಿಗೂ ಕೇಳುವಂತೆ ಹೇಳಿದಳಂತೆ. ಆಗ ನನಗೆ ಯಾವ ಪ್ರಮೋಷನ್ನೂ ಆಗಿರಲಿಲ್ಲ.

ಹೊಸೂರಿಗೆ ವಾಪಸು ಬಂದವಳು ಬಟ್ಟೆ ಮಡಿಚಿ ಚೀಲಕ್ಕೆ ಹಾಕತೊಡಗಿದಳು. ನಾನು ಜಗಳಕ್ಕೆ ನಿಂತೆ. ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಬೇಕು, ಊರಿನಿಂದ ಕೃಷ್ಣಗಿರಿಗೆ ಬಸ್ಸಿನಲ್ಲಿ ಓಡಾಡಬೇಕು, ಆದ ಮೇಲೆ ಸುಸ್ತಾಗಿರುತ್ತದೆ, ಯಾರು ನೋಡುತ್ತಾರೆ ಎಂದೆಲ್ಲ ಕೇಳಿದೆ. ಅವಳು ಸೀರೆ ಮಡಿಚುವುದನ್ನು ನಿಲ್ಲಿಸಲಿಲ್ಲ.

‘ನಿನ್ ಸೊಸೆ ನೋಡ್ತಾಳಾ?’ ಎಂದೆ. ಅದು ಬೇಡವಾದ ಮಾತು.

‘ನೋಡ್ತಾಳೆ. ನೋಡಕ್ಕೆ ಯಾರಾರ ಬುಟ್ರಲ್ವಾ? ನೀನೇ ಎಲ್ಲಾ ಮಾಡ್ಬುಟ್ರೆ ಅವ್ರೇನ್ ಮಾಡ್ಬೇಕು?’

ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. ‘ನಾನೇನ್ ದೂರ ಹೋಯ್ತಿಲ್ಲ ಕಣಮ್ಮ. ಕೆಲಮಂಗಲ ಏನ್ ಕಾಶಿನಾ?’ ಎಂದಳು. ಅವಳು ಹೋದ ಮೇಲೆ ಮಹಡಿ ಮನೆ ವಿಶಾಲವಾಯಿತು. ಮಗಳು ಅಜ್ಜಿಯ ಜಾಗದಲ್ಲಿ ಓದುವ ಮೇಜು ಹಾಕಿಸಿಕೊಂಡಳು. ನನ್ನ ಒಳ್ಳೆಯತನವನ್ನು ಯಾರೋ ಬೇಡವೆಂದು ಹಿಂದಿರುಗಿಸಿದ ಹಾಗೆ ನನಗೆ ಕೆಲವು ತಿಂಗಳು ಅನ್ನಿಸುತ್ತಿತ್ತು.

ಸರ್ಕಾರಿ ಆಸ್ಪತ್ರೆಗೆ ಮೊದಲ ದಿನ ರಜೆ ಹಾಕಿ ನಾನೂ ಹೋದೆ. ಹುಳುಕು ಹುಡುಕುವ ಕಣ್ಣಿನಿಂದಲೇ ಹೋದೆನೆಂದು ಕಾಣುತ್ತದೆ. ಹೊರಗಿನ ವರಾಂಡದಲ್ಲಿ ಜನ ಕಿಕ್ಕಿರಿದಿದ್ದರು. ಒಳಗೆ ಡಯಾಲಿಸಿಸ್ ವಾರ್ಡು ಬೇರೆಯೇ ಲೋಕದಂತೆ ತಣ್ಣಗಿತ್ತು, ಯಂತ್ರಗಳು ಸಾಲಾಗಿ ನಿಂತಿದ್ದವು. ಖಾಸಗಿ ಆಸ್ಪತ್ರೆಯಲ್ಲಿ ನೋಡಿದ ಯಂತ್ರಗಳಿಗೂ ಇವಕ್ಕೂ ನನ್ನ ಕಣ್ಣಿಗೆ ವ್ಯತ್ಯಾಸ ತಿಳಿಯಲಿಲ್ಲ. ಅಲ್ಲಿ ಪ್ರತಿ ಹಾಸಿಗೆಗೂ ಪರದೆ ಇತ್ತು. ರೋಗಿಗಳು ಒಬ್ಬರನ್ನೊಬ್ಬರು ನೋಡದೆ ಟೀವಿ ನೋಡುತ್ತಿದ್ದರು. ಇಲ್ಲಿ ಪರದೆ ಇದ್ದರೂ ಎಳೆಯುತ್ತಿರಲಿಲ್ಲ. ನಾಲ್ಕು ಗಂಟೆ ಹೊತ್ತು ಎಲ್ಲರೂ ಮಾತಾಡುತ್ತಿದ್ದರು. ಕಾವೇರಿಪಟ್ಟಣದ ಒಬ್ಬ ಲಾರಿ ಡ್ರೈವರು, ಬರಗೂರಿನ ಕಡೆಯ ಕಾಲೇಜು ಹುಡುಗಿ, ಮಾವಿನ ತೋಟದ ಒಬ್ಬ ಮುದುಕ. ಅಮ್ಮನನ್ನು ಮೊದಲ ವಾರವೇ ಎಲ್ಲರೂ ಆಯಮ್ಮ ಎಂದು ಕರೆಯತೊಡಗಿದರು. ಶಾಲೆಯಲ್ಲಿ ಮಕ್ಕಳೂ ಅವಳನ್ನು ಹಾಗೇ ಕರೆಯುತ್ತಿದ್ದರು.

ಕಷ್ಟಗಳೂ ಇದ್ದವು. ಬಸ್ಸು ತಪ್ಪಿದರೆ ಇನ್ನೊಂದಕ್ಕೆ ಕಾಯಬೇಕು. ಹಿಂದಿರುಗುವಾಗ ಅಮ್ಮ ತಮ್ಮನ ಹೆಂಡತಿಯ ಭುಜಕ್ಕೆ ತಲೆ ಕೊಟ್ಟು ರಾಯಕೋಟೆಯವರೆಗೆ ಕಣ್ಣು ಬಿಡುತ್ತಿರಲಿಲ್ಲ. ತಮ್ಮನ ಹೆಂಡತಿ ವಾರದಲ್ಲಿ ಎರಡು ದಿನ ಮನೆ ಬಿಟ್ಟರೆ ಹಾಲು ಕರೆಯುವ ಕೆಲಸ ತಮ್ಮನ ಮೇಲೆ ಬೀಳುತ್ತಿತ್ತು. ಅವನು ಗೊಣಗುತ್ತಿದ್ದ, ಮಾಡುತ್ತಿದ್ದ.

ಒಂದು ಸಂಕ್ರಾಂತಿಗೆ ಅಮ್ಮ ನಮ್ಮ ಮನೆಗೆ ಬಂದಿದ್ದಳು. ಹಬ್ಬ ಮುಗಿಸಿಕೊಂಡು ಬೆಳಗ್ಗೆ ನಾನೇ ಅವಳನ್ನು ರಾಯಕೋಟೆ ಮಾರ್ಗದ ಬಸ್ಸಿನಲ್ಲಿ ಕೃಷ್ಣಗಿರಿಗೆ ಕರೆದುಕೊಂಡು ಹೊರಟೆ. ಸಾನಮಾವು ಕಾಡಿನ ಹತ್ತಿರ ಬಸ್ಸು ನಿಂತಿತು. ಮುಂದೆ ಲಾರಿ, ಬೈಕುಗಳ ಸಾಲು. ಆನೆಗಳು ರಸ್ತೆ ದಾಟುತ್ತಿವೆ, ಹಿಂಡು ಎರಡು ಭಾಗವಾಗಿದೆ, ಒಂದು ಭಾಗ ಇನ್ನೂ ಈ ಕಡೆಯೇ ಇದೆ ಎಂದು ಅರಣ್ಯ ಇಲಾಖೆಯವರು ಯಾರನ್ನೂ ಬಿಡುತ್ತಿರಲಿಲ್ಲ. ಬಸ್ಸಿನವರೆಲ್ಲ ಕಿಟಕಿಗೆ ಮುಗಿಬಿದ್ದು ಫೋನ್ ಹಿಡಿದರು. ಅಮ್ಮ ಸೀಟಿಗೆ ಒರಗಿ ಕೂತಿದ್ದಳು. ಹಬ್ಬದ ಸಲುವಾಗಿ ಡಯಾಲಿಸಿಸ್ ಒಂದು ದಿನ ಮುಂದೆ ಹೋಗಿದ್ದರಿಂದ ಅವಳ ಮೈಯಲ್ಲಿ ನೀರು ತುಂಬಿತ್ತು. ಉಸಿರು ಗಂಟಲಲ್ಲೇ ನಿಲ್ಲುತ್ತಿತ್ತು.

‘ಅಮ್ಮ, ಇಲ್ಲಿಂದ ಹೊಸೂರಿಗೆ ವಾಪಸ್ ಹೋಗಿ ಯಾವ್ದಾರ ಆಸ್ಪತ್ರೆಗೆ...’

‘ಸುಮ್ಕಿರು. ಅಲ್ಲಿಗ್ ಫೋನ್ ಮಾಡು.’

ವಾರ್ಡಿಗೆ ಫೋನ್ ಮಾಡಿದೆ. ಯಂತ್ರ ನಡೆಸುವ ಟೆಕ್ನಿಶಿಯನ್ ತೆಗೆದ. ಆನೆ ಎಂದೆ. ನಮ್ಮ ಜಿಲ್ಲೆಯಲ್ಲಿ ಅದನ್ನು ನೆಪವೆಂದು ಯಾರೂ ತಿಳಿಯುವುದಿಲ್ಲ. ಆದರೆ ನಿಮ್ಮ ಸಮಯ ದಾಟಿದರೆ ಮುಂದಿನ ತಂಡದವರು ಬಂದುಬಿಡುತ್ತಾರೆ, ಯಂತ್ರ ಖಾಲಿ ಇರುವುದಿಲ್ಲ ಎಂದ. ‘ಸ್ವಲ್ಪ ಇರಿ’ ಎಂದು ಫೋನನ್ನು ಹಾಗೇ ಇಟ್ಟು ಅಲ್ಲಿ ಯಾರನ್ನೋ ಕೇಳಿದ. ಮತ್ತೆ ಬಂದಾಗ ಅವನ ದನಿ ಬದಲಾಗಿತ್ತು. ಕಾಲೇಜು ಹುಡುಗಿ ಮುಂದಿನ ತಂಡದವಳು, ಬೇಗ ಬಂದು ಕೂತಿದ್ದಾಳೆ, ಅವಳನ್ನು ಈಗ ಯಂತ್ರಕ್ಕೆ ಹಾಕುತ್ತೇನೆ, ಆಯಮ್ಮ ಅವಳ ಹೊತ್ತಿಗೆ ಬರಲಿ ಎಂದ. ನಾನು ಅದನ್ನು ಅಮ್ಮನಿಗೆ ಹೇಳಿದೆ.

‘ಆ ಹುಡ್ಗಿ ಇವತ್ತು ಪರೀಕ್ಷೆಗೆ ಓದ್ಕಂಬೇಕು ಅಂದಿದ್ಳು’ ಎಂದಷ್ಟೇ ಹೇಳಿ ಕಣ್ಣು ಮುಚ್ಚಿದಳು.

ಆನೆಗಳನ್ನು ನಾವು ನೋಡಲಿಲ್ಲ. ಕಿಟಕಿಯಲ್ಲಿದ್ದವರು ಕೂಗಿದ್ದನ್ನು ಕೇಳಿದೆವು. ಬಿಸಿಲೇರಿದ ಮೇಲೆ ಬಸ್ಸು ಬಿಟ್ಟಿತು. ಆಸ್ಪತ್ರೆಯ ಬಾಗಿಲಲ್ಲಿ ಗಾಲಿ ಕುರ್ಚಿ ಕಾಯುತ್ತಿತ್ತು. ಅಮ್ಮನನ್ನು ಯಂತ್ರಕ್ಕೆ ಹಾಕಿ ಒಂದು ಗಂಟೆ ಕಳೆದ ಮೇಲೆ ಅವಳ ಮುಖಕ್ಕೆ ಬಣ್ಣ ಬಂತು. ಆ ಹುಡುಗಿ ತನ್ನದು ಮುಗಿಸಿಕೊಂಡು ಪುಸ್ತಕ ಮಡಿಲಲ್ಲಿಟ್ಟುಕೊಂಡು ಅಮ್ಮನ ಕಾಲ ಬಳಿ ಕೂತಿದ್ದಳು. ನಾನು ಕೃತಜ್ಞತೆ ಹೇಳಹೋದೆ. ಅವಳಿಗೆ ಅದು ಮುಜುಗರವಾಯಿತು.

ನನ್ನ ಕಾರ್ಖಾನೆಯಲ್ಲಿ ನಾನು ಬೇಡವೆಂದ ಜಾಗಕ್ಕೆ ಎಂದಿನಂತೆ ಹೊರಗಿನವನೊಬ್ಬ ಬಂದಿದ್ದ. ಮುಂದಿನ ವರ್ಷ ಇನ್ನೊಂದು ಲೈನು ಶುರುವಾದಾಗ ನಾನೇ ಹೋಗಿ ಮೇನೇಜರನ್ನು ಕೇಳಿದೆ. ಅವರಿಗೆ ಆಶ್ಚರ್ಯವಾಯಿತು. ಮನೆ ತೊಂದರೆ ಮುಗಿಯಿತೇ ಎಂದರು. ಮುಗಿಯಿತು ಎನ್ನಲು ಬಾಯಿ ಬರಲಿಲ್ಲ. ಬೇರೆ ಏರ್ಪಾಡಾಗಿದೆ ಎಂದೆ.

ಸೂಪರ್‌ವೈಸರಾದ ಮೇಲೆ ಸ್ಟಾಫಿನವರ ವಿಮೆಯ ಸಭೆಗೆ ನನಗೂ ಕರೆ ಬರತೊಡಗಿತು. ವಿಮೆ ಕಂಪನಿಯ ಯುವಕನೊಬ್ಬ ಗೋಡೆಯ ಮೇಲೆ ಬೆಳಕು ಬಿಟ್ಟು ವಿವರಿಸುತ್ತಿದ್ದ. ಪ್ರಶ್ನೆಗಳಿದ್ದರೆ ಕೇಳಿ ಎಂದ. ಅಪ್ಪ ಅಮ್ಮಂದಿರನ್ನು ಯಾಕೆ ಸೇರಿಸುವುದಿಲ್ಲ ಎಂದು ಕೇಳಿದೆ. ಅವರಿಗೆ ಕಾಯಿಲೆ ಜಾಸ್ತಿ, ಖರ್ಚು ಏರುತ್ತದೆ ಎಂದ. ಕಾಯಿಲೆ ಇರುವವರಿಗೆ ಅಲ್ಲವೇ ಬೇಕಾದದ್ದು ಎಂದಾಗ ಕೆಲವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ಆದರೆ ಆ ನಗುವಿನ ನಂತರ ಕೋಣೆಯಲ್ಲಿ ಇನ್ನಷ್ಟು ಜನ ಬಾಯಿಬಿಟ್ಟರು. ಸ್ಟೋರಿನ ಒಬ್ಬರು ತಂದೆಯ ಹೃದಯದ ಚಿಕಿತ್ಸೆಗೆ ಹೊಲ ಮಾರಿದ್ದನ್ನು ಹೇಳಿದರು. ಕ್ವಾಲಿಟಿಯವರೊಬ್ಬರು ಬೇಕಿದ್ದರೆ ನಮ್ಮ ಸಂಬಳದಲ್ಲಿ ಇನ್ನಷ್ಟು ಹಿಡಿಯಿರಿ ಎಂದರು. ಎಚ್.ಆರ್. ಹುಡುಗಿ ಎಲ್ಲವನ್ನೂ ಬರೆದುಕೊಂಡಳು. ಆ ವರ್ಷ ಏನೂ ಆಗಲಿಲ್ಲ. ಅದರ ಮುಂದಿನ ವರ್ಷ ವಿಮೆ ನವೀಕರಿಸುವಾಗ, ಉದ್ಯೋಗಿ ತನ್ನ ಪಾಲು ಕೊಟ್ಟರೆ ಹಿರಿಯರನ್ನೂ ಸೇರಿಸಬಹುದು ಎಂದರು. ಒಂದೇ ಷರತ್ತು ಇತ್ತು: ಸ್ವಂತ ತಂದೆತಾಯಿ ಇಲ್ಲವೇ ಗಂಡನ ಅಥವಾ ಹೆಂಡತಿಯ ತಂದೆತಾಯಿ, ಎರಡರಲ್ಲಿ ಒಂದು ಕಡೆ ಮಾತ್ರ.

ಆ ಒಂದು ಸಾಲು ಎಷ್ಟು ಮನೆಗಳಲ್ಲಿ ಎಷ್ಟು ಮುಖಗಳನ್ನು ಕೆಡಿಸಿತೆಂದು ಹೇಳತೀರದು. ಊಟದ ಹೊತ್ತಿನಲ್ಲಿ ಅದೇ ಮಾತು. ನನ್ನ ಮನೆಯಲ್ಲಿ ಗಂಡ ಎಂದಿನಂತೆ ಸುಮ್ಮನಿದ್ದರು. ನಾನು ಅಮ್ಮನ ಹೆಸರನ್ನೇ ಹಾಕುವುದೆಂದು ತೀರ್ಮಾನಿಸಿಕೊಂಡು, ಅದನ್ನು ಹೇಳಲೆಂದೇ ಊರಿಗೆ ಹೋದೆ. ಅಮ್ಮ ಜಗಲಿಯಲ್ಲಿ ಹುರಳಿಕಾಯಿ ಬಿಡಿಸುತ್ತಿದ್ದಳು. ಮತ್ತೆ ಹೊಸೂರಿನ ಆಸ್ಪತ್ರೆಗೇ ಬರಬಹುದು, ಬಸ್ಸಿನ ಕಷ್ಟ ಇರುವುದಿಲ್ಲ, ಪರದೆ, ಏಸಿ ಎಲ್ಲ ಇದೆ ಎಂದು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

‘ಬ್ಯಾಡ’ ಎಂದಳು.

‘ಯಾಕಮ್ಮ?’

‘ಅಲ್ಲಿ ನಂಗೆಲ್ರೂ ಗೊತ್ತು. ಡ್ರೈವರಪ್ಪ ಮೊನ್ನೆ ಬರ್ಲಿಲ್ಲ, ಏನಾಯ್ತೋ ಅಂತ ವಿಚಾರ್ಸ್ಬೇಕು. ಆ ಹುಡ್ಗಿಗೆ ಅವ್ರಮ್ಮನ ಕಿಡ್ನಿ ಹಾಕ್ತಾರಂತೆ, ಅದ್ಕೂ ಅದೇ ಕಾರ್ಡಂತೆ. ಅದ್ನ ನೋಡ್ದೆ ನಾನೆಲ್ಲಿಗ್ ಬರ್ಲಿ?’

ತಮ್ಮನ ಹೆಂಡತಿ ಒಳಗಿಂದ ಇಣುಕಿ, ‘ನಾನೂ ಆಗಾಗ ಹೇಳ್ತಿದ್ದೆ ಅಕ್ಕ, ನಿಮ್ಮನೇಗ್ ಹೋಗಂಗಿದ್ರೆ ಹೋಗಿ ಅಂತ. ಕೇಳಾಕಿಲ್ಲ’ ಎಂದಳು.

‘ಹೆಸ್ರು ಹಾಕ್ದೆ ಬುಟ್ರೆ ಆ ಜಾಗ ಸುಮ್ನೆ ಹೋಗ್ತದಲ್ಲಮ್ಮ’ ಎಂದೆ.

ಅಮ್ಮ ಹುರಳಿಕಾಯಿಯ ನಾರು ತೆಗೆಯುತ್ತ ನನ್ನ ಮುಖ ನೋಡದೆಯೇ ಹೇಳಿದಳು: ‘ನಿಮ್ಮತ್ತೆ ಹೆಸ್ರು ಹಾಕು. ಆವಮ್ಮಂಗೆ ಮಂಡಿ ನೋವಲ್ವಾ? ವರ್ಷದ್ ಮೇಲೆ ನಾನು ನಿನ್ ಮನೇಲಿ ಇದ್ದೆ, ಆವಮ್ಮ ಅಂದಿದ್ದು ಒಂದೇ ಮಾತು. ಇನ್ನೊಬ್ಳಾಗಿದ್ರೆ ಬೀದಿಗ್ ತರ್ತಿದ್ಳು.’

ಹಾಗೇ ಮಾಡಿದೆ. ಗಂಡನಿಗೆ ಹೇಳಿದಾಗ ಅವರು ಮೊದಲ ಸಲ ಈ ವಿಷಯದಲ್ಲಿ ಮಾತಾಡಿದರು. ‘ನಮ್ಮಮ್ಮಂಗೆ ನಿಜ ಹೇಳು, ನಾನ್ ಹಾಕ್ಸಿದ್ದು ಅನ್ಬ್ಯಾಡ, ನಿಮ್ಮಮ್ಮ ಹೇಳಿದ್ದು ಅನ್ನು’ ಎಂದರು. ನಿಜವನ್ನೇ ಹೇಳಿದೆವು. ಅತ್ತೆ ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಮೊದಲು ಒಂದು ಕಾಲಿಗೆ, ಆರು ತಿಂಗಳ ಮೇಲೆ ಇನ್ನೊಂದಕ್ಕೆ. ನಮ್ಮ ಮಹಡಿ ಮನೆಯಲ್ಲೇ ಇದ್ದು ಚೇತರಿಸಿಕೊಂಡರು. ಮಗಳ ಓದುವ ಮೇಜು ಮತ್ತೆ ಅಡುಗೆಮನೆಯ ಮೂಲೆಗೆ ಹೋಯಿತು.

ಚೆನ್ನಾಗಿ ನಡೆಯುವಂತಾದ ಮೇಲೆ ಅತ್ತೆ ಜವಳಗಿರಿಯಿಂದ ನೇರವಾಗಿ ಅಮ್ಮನನ್ನು ನೋಡಲು ಬಂದರು. ನಾನೂ ಆ ದಿನ ಊರಿನಲ್ಲಿದ್ದೆ. ಮೈದುನ ಬೈಕಿನ ಹಿಂದಿನಿಂದ ಗೋಣಿಚೀಲವೊಂದನ್ನು ಇಳಿಸಿ ಜಗಲಿಯ ಮೇಲಿಟ್ಟ. ಒಳಗಿದ್ದದ್ದು ಅವರ ಹಿತ್ತಿಲಿನ ಹಲಸಿನಹಣ್ಣು. ತೊಟ್ಟಿನಲ್ಲೇ ಹಣ್ಣಾದದ್ದು, ಬೀದಿಯ ತುದಿಗೆ ವಾಸನೆ ಬರುವಂಥದ್ದು. ತಮ್ಮನ ಹೆಂಡತಿ ನನ್ನ ಕಡೆ ನೋಡಿದಳು. ಅಮ್ಮ ತಿನ್ನಬಾರದ ಹಣ್ಣುಗಳಲ್ಲಿ ಅದು ಮೊದಲನೆಯದು. ಅತ್ತೆಗೆ ಅದು ಗೊತ್ತಿರಲಿಲ್ಲ.

‘ಆನೆಗಳು ಬುಟ್ಟಿದ್ದು ಇದೊಂದೇ ಕಣಮ್ಮ’ ಎಂದು ಅತ್ತೆ ಜಗಲಿಯ ಮೇಲೆ ಕೂತರು. ‘ನಿಮ್ಗೆ ಅಂತ ಇಟ್ಟಿದ್ದೆ.’

ನಾನು ಏನೋ ಹೇಳಲು ಬಾಯಿ ತೆರೆದೆ. ಅಮ್ಮ ಕೈಯೆತ್ತಿ ತಡೆದಳು. ಹಣ್ಣನ್ನು ಹತ್ತಿರ ಎಳೆದುಕೊಂಡು ಅದರ ಮುಳ್ಳುಮುಳ್ಳು ಮೈಯ ಮೇಲೆ ಬಲಗೈ ಆಡಿಸಿದಳು. ಬಗ್ಗಿ ಮೂಸಿದಳು. ‘ಬಲೇ ಹಣ್ಣಾಗೈತೆ’ ಎಂದಳು. ಕೈಗೆ ಎಣ್ಣೆ ಹಚ್ಚಿಕೊಂಡು ತಾನೇ ಸೀಳಲು ಕೂತಳು. ಎಡಗೈಗೆ ಭಾರ ಬೀಳದಂತೆ ತಮ್ಮನ ಹೆಂಡತಿ ಆ ಕಡೆ ಹಿಡಿದುಕೊಂಡಳು. ತೊಳೆ ಬಿಡಿಸುತ್ತ ಅಮ್ಮ ಮೊದಲು ಅತ್ತೆಗೆ, ಆಮೇಲೆ ಮೈದುನನಿಗೆ, ನನಗೆ, ಬೀದಿಯಲ್ಲಿ ಹೋಗುತ್ತಿದ್ದವರಿಗೆಲ್ಲ ಕರೆದು ಕರೆದು ಕೊಟ್ಟಳು. ಶಾಲೆ ಬಿಟ್ಟು ಬಂದ ಮಕ್ಕಳು ಸಾಲು ನಿಂತವು. ಅಮ್ಮ ಮೂರು ಭಾಷೆಯಲ್ಲೂ ಅವರನ್ನು ಗದರಿದಳು.

‘ನೀವ್ ತಿನ್ನಿ’ ಎಂದರು ಅತ್ತೆ.

‘ತಿಂತೀನಿ ತಿಂತೀನಿ. ಎಲ್ರದೂ ಆಗ್ಲಿ’ ಎಂದು ಅಮ್ಮ ಇನ್ನೊಂದು ತೊಳೆ ಬಿಡಿಸಿದಳು.